ಕಣದ ರಾಗಿ, ಕ್ರಿಸ್‌ಮಸ್ಸಿನ ಲೆಕ್ಕ

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ, ಮೇಲಗಿರಿ ಬೆಟ್ಟಗಳ ನಡುವೆ, ನಾಟ್ರಾಂಪಾಳ್ಯವೆಂಬ ಊರಿದೆ. ಡೆಂಕಣಿಕೋಟೆಯಿಂದ ಅಂಚೆಟ್ಟಿಗೆ ಬಂದು, ಅಲ್ಲಿಂದ ಹೊಗೇನಕಲ್ಲಿನ ಕಡೆಗೆ ಕಾಡುದಾರಿ ಹಿಡಿದರೆ ಸಿಗುತ್ತದೆ. ಕಾಸರಗೋಡಿನ ಓದುಗರಿಗೆ ಈ ಹೆಸರು ಹೊಸದಿರಬಹುದು; ಇಲ್ಲಿನ ನಮ್ಮ ಪಾಡು ಹೊಸದಲ್ಲ. ಸರಕಾರದ ಕಾಗದ ಒಂದು ಭಾಷೆಯದು, ಒಲೆಯ ಮುಂದಿನ ಮಾತು ಇನ್ನೊಂದು ಭಾಷೆಯದು. ಅಲ್ಲಿ ಮಲಯಾಳ, ಇಲ್ಲಿ ತಮಿಳು ಎಂಬುದಷ್ಟೇ ವ್ಯತ್ಯಾಸ.

ಡಿಸೆಂಬರ್ ಬಂತೆಂದರೆ ಈ ಸೀಮೆಯಲ್ಲಿ ರಾಗಿ ಕೊಯ್ಲು ಮುಗಿದು ಒಕ್ಕಣೆಯ ಸಮಯ. ಅವರೆಯ ಸೊಗಡು ಬೀದಿಯ ತುಂಬ. ಬೆಳಗಿನ ಚಳಿಗೆ ಮುದುಕರು ಕಂಬಳಿ ಬಿಟ್ಟು ಏಳುವುದಿಲ್ಲ. ಕ್ರಿಸ್‌ಮಸ್ ಹಬ್ಬ ನಮಗೆ ಬರುವುದು ಹೀಗೆ, ಕಣದಲ್ಲಿ ಧಾನ್ಯವಿರುವ ಹೊತ್ತಿನಲ್ಲಿ. ಆದುದರಿಂದಲೇ ಹಿರಿಯರು ಹಬ್ಬವೆಂದರೆ ಮೊದಲು ಕಣದ ಕಡೆ ನೋಡುತ್ತಿದ್ದರು, ಪೇಟೆಯ ಕಡೆ ಅಲ್ಲ.

ಈಗ ನೋಟ ತಿರುಗಿದೆ. ಹೊಸೂರು ದೊಡ್ಡ ಕೈಗಾರಿಕೆಯ ಊರು. ಬೆಟ್ಟದ ಮಕ್ಕಳು ಅಲ್ಲಿಗೂ ಬೆಂಗಳೂರಿಗೂ ದುಡಿಯಲು ಹೋಗುತ್ತಾರೆ. ಹಬ್ಬಕ್ಕೆ ಬರುವಾಗ ಮಿಣುಕು ದೀಪದ ನಕ್ಷತ್ರ, ಪ್ಲಾಸ್ಟಿಕ್ಕಿನ ಮರ, ಪೆಟ್ಟಿಗೆ ಪೆಟ್ಟಿಗೆ ಕೇಕು, ಪಟಾಕಿ, ತಲೆಗೆ ಎರಡು ಜೊತೆ ಬಟ್ಟೆ ತರುತ್ತಾರೆ. ತರಲಿ, ದುಡಿದ ಮಕ್ಕಳ ಆಸೆಯನ್ನು ಹಳಿಯಬಾರದು. ಆದರೆ ಕೆಲವು ಮನೆಗಳಲ್ಲಿ ಈ ಸಡಗರ ಕಂತಿನ ಮೇಲೆ ನಡೆಯುತ್ತದೆ. ನಕ್ಷತ್ರ ಇಳಿಸಿ ಅಟ್ಟಕ್ಕೆ ಹಾಕಿದ ಮೇಲೂ ಕಂತು ಇಳಿಯುವುದಿಲ್ಲ.

ಹಬ್ಬದ ಮೂಲವಾದರೂ ಎಂಥದು? ಮನೆಮನೆಯಲ್ಲಿ ಕಟ್ಟುವ ಗೋದಲಿಯನ್ನೇ ನೋಡಿ. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಒಂದಿಷ್ಟು ಹುಲ್ಲು, ಒಂದು ಎತ್ತು, ಒಂದು ಕತ್ತೆ ಇಟ್ಟು ಬಡವನ ಕೊಟ್ಟಿಗೆಯನ್ನು ಜನರ ಕಣ್ಣಿಗೆ ತೋರಿಸಿದರು. ಬೆಟ್ಟದ ರೈತನಿಗೆ ಇದಕ್ಕೆ ಪೇಟೆಯಿಂದ ಏನು ಬೇಕು? ಹಿತ್ತಿಲಲ್ಲಿ ರಾಗಿ ಹುಲ್ಲಿದೆ, ಕೆರೆಯಲ್ಲಿ ಜೇಡಿಮಣ್ಣಿದೆ, ಎತ್ತು ಕೊಟ್ಟಿಗೆಯಲ್ಲೇ ನಿಂತಿದೆ. ಇನ್ನು ಕೆಂಪಂಗಿಯ ಕ್ರಿಸ್‌ಮಸ್ ತಾತ. ಆತನ ಹಿಂದಿರುವವರು ನಾಲ್ಕನೆಯ ಶತಮಾನದಲ್ಲಿ, ಇಂದಿನ ತುರ್ಕಿಯ ಮೈರಾ ಎಂಬಲ್ಲಿ ಬಿಷಪರಾಗಿದ್ದ ಸಂತ ನಿಕೋಲಾಸರು. ಮೂವರು ಹೆಣ್ಣುಮಕ್ಕಳ ಮದುವೆಗೆ ದಾರಿ ಕಾಣದ ತಂದೆಯೊಬ್ಬನ ಮನೆಯೊಳಕ್ಕೆ ಅವರು ರಾತ್ರಿಯ ಹೊತ್ತು, ಯಾರಿಗೂ ತಿಳಿಯದಂತೆ, ಹೊನ್ನಿನ ಗಂಟು ಎಸೆದರೆಂದು ಕಥೆ. ಇಂದು ನಾವು ಕಾಣುವ ಆ ಗುಂಡು ಹೊಟ್ಟೆಯ ನಗುಮುಖವನ್ನು ಊರೂರಿಗೆ ಹರಡಿದ್ದು 1931ರಿಂದ ಬಂದ ಕೋಕಾ ಕೋಲಾ ಜಾಹೀರಾತುಗಳು. ಗುಟ್ಟಾಗಿ ಕೊಟ್ಟವರ ಹೆಸರಿನಲ್ಲಿ ಬಹಿರಂಗ ವ್ಯಾಪಾರ!

ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಆಗಮನ ಕಾಲದ ಮೊದಲ ಭಾನುವಾರ ರಾತ್ರಿ ಊಟವಾದ ಮೇಲೆ ಎಲ್ಲರೂ ಕೂತು ಹಬ್ಬದ ಖರ್ಚು ಬರೆಯುತ್ತೇವೆ. ಮಕ್ಕಳೂ ಕೂರಬೇಕು, ಅಜ್ಜಿಯೂ ಕೂರಬೇಕು. ಬರೆದದ್ದನ್ನು ಓದಿ, ಯಾವುದು ಬಿಟ್ಟರೆ ಹಬ್ಬ ಹಬ್ಬವಾಗಿಯೇ ಉಳಿಯುತ್ತದೆ ಎಂದು ಒಬ್ಬೊಬ್ಬರನ್ನೂ ಕೇಳುತ್ತೇವೆ. ಮೊದಲ ವರ್ಷ ಚಿಕ್ಕವಳು, “ಅಪ್ಪಾ, ನಕ್ಷತ್ರ ಮಾತ್ರ ಬಿಡೋದು ಬೇಡ” ಎಂದು ಹಟ ಹಿಡಿದಳು. ಬಿಡಲಿಲ್ಲ. ಹಳೆಯ ಬಿದಿರಿನ ಚೌಕಟ್ಟಿಗೆ ಹೊಸ ಕಾಗದ ಅಂಟಿಸಿದೆವು. ಪಟಾಕಿಯನ್ನು ಮಕ್ಕಳೇ ಹೊಡೆದು ಹಾಕಿದರು. ಎರಡನೆಯ ಜೊತೆ ಬಟ್ಟೆಯನ್ನು ದೊಡ್ಡವರು ಬಿಟ್ಟೆವು.

ಹೀಗೆ ಸಾವಿರ ರೂಪಾಯಿ ಉಳಿದರೆ ಅದರ ಬೆಲೆ ಎಷ್ಟು? 2025-26ರ ಹಂಗಾಮಿಗೆ ಕೇಂದ್ರ ಸರಕಾರ ಗೊತ್ತುಮಾಡಿದ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಆ ಲೆಕ್ಕದಲ್ಲಿ ಸಾವಿರಕ್ಕೆ 20 ಕಿಲೋ ರಾಗಿ ಆಯಿತು. ಸಣ್ಣ ಸಂಸಾರವೊಂದಕ್ಕೆ ಎಷ್ಟೋ ದಿನದ ಮುದ್ದೆ. ಕೇಕಿನ ಪೆಟ್ಟಿಗೆ ಒಂದು ಸಂಜೆಗೆ ಮುಗಿಯುತ್ತದೆ.

ಉಳಿಸುವುದು ಸುಲಭ, ಕೊಡುವುದೇ ಕಷ್ಟವೆಂದು ನಮಗೆ ತಿಳಿದದ್ದು ಆಮೇಲೆ. ಕಾಡಂಚಿನ ಹೊಲಗಳಿಗೆ ಕೊಯ್ಲಿನ ಮುಂಚೆ ಆನೆ ನುಗ್ಗುವುದು ಈ ಭಾಗದಲ್ಲಿ ಎಲ್ಲರಿಗೂ ಗೊತ್ತಿರುವ ಸಂಕಟ. ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕಾದರೂ, ತೆನೆ ಬಲಿತ ಹೊಲ ಒಂದೇ ರಾತ್ರಿಗೆ ಹೋಗಿಬಿಡುತ್ತದೆ. ನಮ್ಮ ಬೀದಿಯ ಹಿರಿಯರೊಬ್ಬರಿಗೆ ಒಂದು ವರ್ಷ ಹಾಗಾಯಿತು. ನಾವು ಮಾವ ಎಂದು ಕರೆಯುವವರು. ಜೀವಮಾನದಲ್ಲಿ ಯಾರ ಮುಂದೆಯೂ ಸೆರಗೊಡ್ಡದ ಮನೆ. ಕಣ ಬರಿದಾಗಿದೆ, ಆದರೆ ದಾನವೆಂದರೆ ಮುಟ್ಟುವವರಲ್ಲ. ಕೊನೆಗೆ ಉಪಾಯ ಹೇಳಿದವರು ನಮ್ಮ ಅಜ್ಜಿ: ಕೊಡುಗೆ ಎನ್ನಬೇಡಿ, ಕೈಗಡ ಎನ್ನಿ. ಹಾಗೆಯೇ ಹೇಳಿ ಎರಡು ಮೂಟೆ ಇಳಿಸಿ ಬಂದೆವು. “ಬರೋ ವರ್ಷ ಅಳೆದು ಕೊಡ್ತೀನಿ ಕಣವ್ವಾ” ಎಂದರು ಮಾವ. ಕೊಡಿ ಎಂದರು ಅಜ್ಜಿ. ಹಬ್ಬದ ಮಾರನೆಯ ದಿನ ಮಾವ ಒಂದು ಮಂಕರಿ ಅವರೆಕಾಯಿ ತಂದು ನಮ್ಮ ಜಗಲಿಯ ಮೇಲೆ ಸುರಿದು, ಬಡ್ಡಿ ಎಂದು ನಕ್ಕು ಹೋದರು.

ಕೊಡುವವರು ಗಮನಿಸಬೇಕಾದ ಮಾತು ಇನ್ನೂ ಇದೆ. ಹಬ್ಬದ ದಿನ ಕೊಟ್ಟ ಅಕ್ಕಿ ಹಬ್ಬಕ್ಕೆ ಒದಗುವುದಿಲ್ಲ. ಎರಡು ಮೂರು ದಿನ ಮೊದಲೇ ತಲುಪಬೇಕು. ರಾಗಿ ಕೊಟ್ಟರೆ ಬೀಸುವ ಕೂಲಿಯನ್ನೂ ಸೇರಿಸಿ ಕೊಡಬೇಕು. ಕಾಡೊಳಗಿನ ಇರುಳರ ಮನೆಗಳಿಗೆ ನಮ್ಮ ಹಳೆಯ ಬಟ್ಟೆಯ ಗಂಟಿಗಿಂತ ಹೊಸ ಕಂಬಳಿಯೊಂದು ಮೇಲು. ಕೆಲವರಿಗೆ ವಸ್ತುವೇ ಬೇಕಿರುವುದಿಲ್ಲ. ದಿನಸಿ ಅಂಗಡಿಯ ಬಾಕಿಯನ್ನು ಅವರಿಗೆ ತಿಳಿಯದಂತೆ ತೀರಿಸಿದರೆ ಅದೇ ದೊಡ್ಡ ಹಬ್ಬ. ಅಂಗಡಿಯವರು ಬಾಯಿ ಬಿಡದಂತೆ ನೋಡಿಕೊಳ್ಳಬೇಕು, ಅದೇ ಕಷ್ಟದ ಕೆಲಸ! ಕೊಡುವವರ ಧರ್ಮ ಯಾವುದೆಂದು ಹಸಿವು ಕೇಳುವುದಿಲ್ಲ, ಪಡೆಯುವವರ ಧರ್ಮವನ್ನು ನಾವೂ ಕೇಳಬಾರದು. ಎಲ್ಲಕ್ಕಿಂತ ಹೆಚ್ಚಾಗಿ ಫೋಟೋ ಬೇಡ. ಕಂಬಳಿ ಹಿಡಿದ ಮುದುಕಿಯ ಪಕ್ಕದಲ್ಲಿ ಹತ್ತು ಜನ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದು ಊರಿಗೆಲ್ಲ ಕಳಿಸುವುದನ್ನು ಕಾಣುತ್ತೇವೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಕಲಿಸಿದವರ ಹುಟ್ಟುಹಬ್ಬವೆಂಬುದು ನೆನಪಿರಬೇಕಲ್ಲವೇ?

ಗಡಿನಾಡಿನ ಕನ್ನಡ ಮನೆಗಳು ಯೋಚಿಸಬಹುದಾದ ಕೊಡುಗೆ ಮತ್ತೊಂದಿದೆ. 2006ರ ಕಾಯ್ದೆಯ ತರುವಾಯ ತಮಿಳುನಾಡಿನ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾಯಿತು. ಕೇರಳದಲ್ಲಿ ಮಲಯಾಳ ಕಡ್ಡಾಯ ಕಲಿಕೆಯ ಕಾಯ್ದೆ 2017ರಲ್ಲಿ ಬಂತು. ರಾಜ್ಯದ ಭಾಷೆ ಕಲಿಯುವುದು ಒಳ್ಳೆಯದೇ. ಆದರೆ ಮನೆಯಲ್ಲಿ ಕನ್ನಡ ಮಾತನಾಡಿಯೂ ಕನ್ನಡ ಅಕ್ಷರ ಕಾಣದೆ ಬೆಳೆಯುವ ಮಕ್ಕಳಿದ್ದಾರೆ. ಕೂಲಿಯವರ ಮನೆಯ ಅಂಥ ಮಗುವಿಗೆ ಒಂದು ಕನ್ನಡ ಕಥೆಪುಸ್ತಕ, ಒಂದು ಕಾಗುಣಿತದ ಪುಸ್ತಕ ಎಷ್ಟು ಮಹಾ ಖರ್ಚು?

ಕಾಸರಗೋಡಿನವರಿಗೆ ಹಂಚಿ ತಿನ್ನುವುದನ್ನು ಹೇಳಿಕೊಡಬೇಕಾಗಿಲ್ಲ. ಬೇಳ, ಕಯ್ಯಾರು, ವರ್ಕಾಡಿಯ ಕಡೆ ಕೊಂಕಣಿ ಕ್ರೈಸ್ತ ಮನೆಗಳ ಕುಸ್ವಾರಿನ ತಟ್ಟೆ ನೆರೆಯ ಹಿಂದೂ, ಮುಸ್ಲಿಂ ಮನೆಗಳಿಗೂ ಹೋಗುತ್ತದೆ. ಕಿಡಿಯೊ, ನೆವ್ರಿ, ಕೊಕ್ಕಿಸ್ ಎಲ್ಲವೂ ಮನೆಯ ಒಲೆಯಲ್ಲಿ ಬೆಂದವು. ದೂರದ ಕೆನಡಾದಲ್ಲಿ ಮೆನೊನೈಟ್ ಪಂಗಡದವರು 2001ರಲ್ಲಿ ಏನನ್ನೂ ಕೊಳ್ಳದ ಕ್ರಿಸ್‌ಮಸ್ ಎಂಬ ಚಳವಳಿಯನ್ನೇ ಹೂಡಿದರು. ನಾವು ಅಷ್ಟು ದೂರ ಹೋಗಬೇಕೆನ್ನುವುದಿಲ್ಲ. ಎಲ್ಲರೂ ಕೊಳ್ಳುವುದನ್ನು ನಿಲ್ಲಿಸಿದರೆ ಅಂಚೆಟ್ಟಿಯ ದರ್ಜಿಗೂ ಸಣ್ಣ ಬೇಕರಿಯವನಿಗೂ ಹಬ್ಬ ಬೇಡವೇ ಎಂದು ನಮ್ಮ ಮನೆಯಲ್ಲೇ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಅಂದಿನಿಂದ ಹೊಲಿಸುವ ಒಂದು ಜೊತೆ ಬಟ್ಟೆಯನ್ನು ಹತ್ತಿರದ ದರ್ಜಿಯಲ್ಲೇ ಹೊಲಿಸುತ್ತೇವೆ, ಕೂಲಿಯಲ್ಲಿ ಚೌಕಾಸಿ ಮಾಡುವುದಿಲ್ಲ.

ಈ ವರ್ಷದ ಪಟ್ಟಿಯನ್ನೂ ಬರೆದಾಗಿದೆ. ಕಂಬಳಿ ನಾಲ್ಕು, ಪುಸ್ತಕ ಆರು, ಅಂಗಡಿಯ ಬಾಕಿ ಒಂದು. ಮಾವ ಈಗಲೂ ಆ ಎರಡು ಮೂಟೆಯ ಮಾತೆತ್ತುತ್ತಾರೆ. ಅಜ್ಜಿ ಈಗಲೂ ಮುಂದಿನ ವರ್ಷಕ್ಕೆ ತಳ್ಳುತ್ತಾರೆ.