ಗುರುಮಠದ ದಿನಚರಿ ಮತ್ತು ಕಾಳಿ ಕಣಿವೆಯ ಧರ್ಮಕೇಂದ್ರಗಳು

ಕಾಳಿ ಕಣಿವೆಯ ಹಳಿಯಾಳ, ದಾಂಡೇಲಿ, ಜೋಯಿಡಾ, ಜತೆಗೆ ಮುಂಡಗೋಡ ಸೀಮೆಯ ಕಥೋಲಿಕ ಮನೆತನದ ಹುಡುಗನೊಬ್ಬ ಪಾದ್ರಿಯಾಗಬೇಕೆಂದು ನಿಶ್ಚಯಿಸಿದರೆ, ಅವನು ಒಂದಲ್ಲ ಒಂದು ಹಂತದಲ್ಲಿ ಊರು ಬಿಡಲೇಬೇಕಾಗುತ್ತದೆ. ಈ ನಾಲ್ಕು ತಾಲ್ಲೂಕುಗಳು ಕಾರವಾರ ಧರ್ಮಪ್ರಾಂತ್ಯಕ್ಕೆ, ಅಂದರೆ ಒಬ್ಬ ಬಿಷಪ್ಪರ ಆಡಳಿತಕ್ಕೆ ಒಳಪಟ್ಟ ಪ್ರದೇಶಕ್ಕೆ ಸೇರಿವೆ. 1976ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯದಿಂದ ಬೇರ್ಪಟ್ಟು ರೂಪುಗೊಂಡ ಈ ಪ್ರಾಂತ್ಯದಂಥ ಚಿಕ್ಕ ಪ್ರಾಂತ್ಯಗಳು ತಮ್ಮ ವಿದ್ಯಾರ್ಥಿಗಳ ಉನ್ನತ ತರಬೇತಿಗಾಗಿ, ಜೆಸ್ಯೂಟರು ಎನ್ನುವ ಯೇಸುಸಭೆಯವರು 1879ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ, ಈಗ ಜೆಪ್ಪುವಿನಲ್ಲಿರುವ ಸಂತ ಜೋಸೆಫರ ಗುರುಮಠವನ್ನೋ, ಪುದುಚೇರಿಯಲ್ಲಿ ಹುಟ್ಟಿ 1934ರಲ್ಲಿ ಬೆಂಗಳೂರಿನ ಮಲ್ಲೇಶ್ವರಕ್ಕೆ ಬಂದು ನೆಲೆಸಿದ ಸಂತ ಪೇತ್ರರ ಗುರುಮಠವನ್ನೋ ಅವಲಂಬಿಸುವುದು ವಾಡಿಕೆ. ಸೆಮಿನರಿ ಎಂದು ಕರೆಯಲಾಗುವ ಸಂಸ್ಥೆಯೇ ಕನ್ನಡ ಕ್ರೈಸ್ತರ ಬಳಕೆಯಲ್ಲಿ ಗುರುಮಠ.

ಇಂಥ ವಸತಿಶಾಲೆಗಳ ಕಲ್ಪನೆ ಕ್ರೈಸ್ತಧರ್ಮದಷ್ಟು ಹಳೆಯದೇನಲ್ಲ. ಅನೇಕ ಶತಮಾನಗಳ ಕಾಲ ಹೆಚ್ಚಿನ ಪಾದ್ರಿಗಳು ಹಿರಿಯ ಪಾದ್ರಿಯೊಬ್ಬರ ಬಳಿ ಇದ್ದು, ಅವರ ಸೇವೆ ಮಾಡುತ್ತ ವಿದ್ಯೆ ಕಲಿತವರೇ ಆಗಿದ್ದರು. 1563ರಲ್ಲಿ ಕಥೋಲಿಕ ಬಿಷಪ್ಪರ ಟ್ರೆಂಟ್ ಮಹಾಸಭೆಯು ಪ್ರತಿ ಧರ್ಮಪ್ರಾಂತ್ಯವೂ ಇದಕ್ಕಾಗಿಯೇ ಒಂದು ವಿದ್ಯಾಲಯ ಹೊಂದಿರಬೇಕೆಂದು ವಿಧಿಸಿ, ಹನ್ನೆರಡು ವರ್ಷ ತುಂಬಿದ, ಓದುಬರಹ ಬಲ್ಲ ಹುಡುಗರನ್ನು ಸೇರಿಸಿಕೊಳ್ಳಬೇಕು, ಅದರಲ್ಲೂ ಬಡವರ ಮಕ್ಕಳಿಗೆ ಆದ್ಯತೆ ಕೊಡಬೇಕೆಂದು ಹೇಳಿತು. ಕಥೋಲಿಕ ಧರ್ಮಸಭೆಯ ಇಂದಿನ ಕಾನೂನು ಕನಿಷ್ಠ ಆರು ವರ್ಷಗಳ ವ್ಯಾಸಂಗವನ್ನು, ಅಂದರೆ ಎರಡು ವರ್ಷ ತತ್ವಶಾಸ್ತ್ರ ಮತ್ತು ನಾಲ್ಕು ವರ್ಷ ದೈವಶಾಸ್ತ್ರವನ್ನು, ಕಡ್ಡಾಯಗೊಳಿಸುತ್ತದೆ. ಅದಕ್ಕೆ ಪೂರ್ವಸಿದ್ಧತೆಯ ಅವಧಿ, ನಡುವೆ ಬರುವ ಕ್ಷೇತ್ರಸೇವೆ ಮತ್ತು ಹಲವರು ಪಡೆಯುವ ಪದವಿ ಶಿಕ್ಷಣ ಸೇರಿದರೆ, ಹತ್ತನೆಯ ತರಗತಿ ಅಥವಾ ಪಿಯುಸಿ ಮುಗಿಸಿ ಹೋದ ಹುಡುಗ ಪಾದ್ರಿಯಾಗಿ ಮರಳಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ.

ಗುರುಮಠದ ದಿನ ಗಂಟೆಯ ಸದ್ದಿನಿಂದ ಆರಂಭವಾಗುತ್ತದೆ. ವೇಳಾಪಟ್ಟಿಯ ವಿವರ ಮಠದಿಂದ ಮಠಕ್ಕೆ ಬದಲಾದರೂ ಅದರ ಅನುಕ್ರಮ ಬಹುಮಟ್ಟಿಗೆ ಒಂದೇ: ಬೆಳಕು ಹರಿಯುವ ಮೊದಲೇ ಎದ್ದು, ಚಾಪೆಲ್ ಎನ್ನುವ ಪ್ರಾರ್ಥನಾಲಯದಲ್ಲಿ ಮೌನಧ್ಯಾನಕ್ಕೆ ಕೂರುವುದು, ಬಳಿಕ ಕೀರ್ತನೆಗಳನ್ನು ಎರಡು ಗುಂಪುಗಳಾಗಿ ಸರದಿಯಂತೆ ಹೇಳುವ ಪ್ರಾತಃಕಾಲದ ಪ್ರಾರ್ಥನೆ, ಅನಂತರ ರೊಟ್ಟಿ ಮತ್ತು ದ್ರಾಕ್ಷಾರಸಗಳನ್ನು ಅರ್ಪಿಸಿ ಕ್ರಿಸ್ತನ ಕೊನೆಯ ಭೋಜನವನ್ನೂ ಶಿಲುಬೆಯ ಮರಣವನ್ನೂ ಸ್ಮರಿಸುವ ಬಲಿಪೂಜೆ. ತಿಂಡಿಯಾದ ಮೇಲೆ ಕಸ ಗುಡಿಸುವುದು, ಶೌಚಾಲಯ ತೊಳೆಯುವುದು, ಪಾತ್ರೆ ಉಜ್ಜುವುದು ಎಲ್ಲರಿಗೂ ಸರದಿಯಂತೆ ಬರುವ ಕೆಲಸಗಳು. ಮಧ್ಯಾಹ್ನದವರೆಗೆ ತರಗತಿಗಳು ನಡೆದು, ಊಟಕ್ಕೆ ಮೊದಲು ಅಂದಿನ ನಡತೆಯನ್ನು ತನ್ನೊಳಗೇ ತೂಗಿನೋಡುವ ಆತ್ಮಪರೀಕ್ಷೆ ಇರುತ್ತದೆ. ಸಂಜೆ ತೋಟದ ಕೆಲಸ ಮತ್ತು ಫುಟ್‌ಬಾಲ್ ಅಥವಾ ವಾಲಿಬಾಲ್. ಆಟದಿಂದ ತಪ್ಪಿಸಿಕೊಳ್ಳುವವನ ಬಗ್ಗೆ ಮೇಲ್ವಿಚಾರಕರು ಗಮನ ಇಡುತ್ತಾರೆ, ಏಕೆಂದರೆ ಗುಂಪಿನಲ್ಲಿ ಬೆರೆಯಲಾರದವನು ಜನರ ನಡುವೆ ಬಾಳುವುದು ಕಷ್ಟವೆಂಬುದು ಅವರ ಎಣಿಕೆ. ಜಪಮಾಲೆ, ಸಂಜೆಯ ಪ್ರಾರ್ಥನೆ, ಓದು, ಊಟ, ಸ್ವಲ್ಪ ಹರಟೆ, ಕೊನೆಗೆ ರಾತ್ರಿಯ ಪ್ರಾರ್ಥನೆ; ಅಲ್ಲಿಂದ ಮರುದಿನ ಬೆಳಗಿನವರೆಗೆ ಮಾತಾಡಬಾರದೆಂಬ ಮಹಾಮೌನದ ನಿಯಮ.

ಹೊರಗಿನವರಿಗೆ ಕಠಿಣವೆನಿಸುವುದು ನಸುಕಿನ ಗಂಟೆ. ಆದರೆ ಯುವಕನಿಗೆ ಹೆಚ್ಚು ಭಾರವಾಗುವುದು ತನ್ನ ಸಮಯ ತನ್ನದಲ್ಲವೆಂಬ ಅರಿವು ಇರಬಹುದು. ಮೊಬೈಲ್ ಬಳಕೆಗೆ ಮಿತಿ ಇದೆ, ಹೊರಗೆ ಹೋಗಲು ಅನುಮತಿ ಬೇಕು. ಶಿಸ್ತು ಮತ್ತು ಆಡಳಿತ ನೋಡಿಕೊಳ್ಳುವ ರೆಕ್ಟರ್ ಒಬ್ಬರಾದರೆ, ಅಂತರಂಗದ ತೊಳಲಾಟವನ್ನು ಗುಟ್ಟಾಗಿ ಕೇಳಿಸಿಕೊಳ್ಳುವ ಆಧ್ಯಾತ್ಮಿಕ ಮಾರ್ಗದರ್ಶಿ ಇನ್ನೊಬ್ಬರು. ವಿದ್ಯಾರ್ಥಿಯು ಮುಂದುವರಿಯಲು ಯೋಗ್ಯನೇ ಎಂಬ ತೀರ್ಮಾನದಲ್ಲಿ ಈ ಎರಡನೆಯವರ ಅಭಿಪ್ರಾಯ ಕೇಳುವುದನ್ನು ಧರ್ಮಸಭೆಯ ಕಾನೂನೇ ನಿಷೇಧಿಸಿದೆ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ವಿವೇಕದ ಏರ್ಪಾಡು ಇದೇ ಎನ್ನಬಹುದು.

ವ್ಯಾಸಂಗದ ಮಾತು ಬಂದಾಗ ಮುಂಡಗೋಡವನ್ನು ನೆನೆಯದಿರುವುದು ಸಾಧ್ಯವಿಲ್ಲ. 1966ರಲ್ಲಿ ನೆಲೆಗೊಂಡ ಅಲ್ಲಿನ ಟಿಬೆಟನ್ ವಸಾಹತಿನ ಡ್ರೆಪುಂಗ್ ಮತ್ತು ಗಾಡೆನ್ ಮಠಗಳಲ್ಲಿ ಭಿಕ್ಷುಗಳು ಬೌದ್ಧ ದಾರ್ಶನಿಕರ ಗ್ರಂಥಗಳನ್ನು, ಧರ್ಮಕೀರ್ತಿಯ ಪ್ರಮಾಣಶಾಸ್ತ್ರ, ಚಂದ್ರಕೀರ್ತಿಯ ಮಾಧ್ಯಮಕ, ವಸುಬಂಧುವಿನ ಅಭಿಧರ್ಮ ಮುಂತಾದವನ್ನು ಹದಿನೈದು ಇಪ್ಪತ್ತು ವರ್ಷ ಓದಿ ಗೆಶೆ ಎಂಬ ಪದವಿಗೆ ಅರ್ಹರಾಗುತ್ತಾರೆ. ಅಲ್ಲಿ ಕಲಿಕೆಯ ಜೀವಾಳ ಅಂಗಳದ ವಾದ: ಪ್ರಶ್ನಿಸುವವನು ನಿಂತು ಚಪ್ಪಾಳೆ ತಟ್ಟಿ ಸವಾಲೆಸೆಯುತ್ತಾನೆ, ಉತ್ತರಿಸುವವನು ಕುಳಿತು ತನ್ನ ಪಕ್ಷ ಉಳಿಸಿಕೊಳ್ಳುತ್ತಾನೆ. ಪೂರ್ವಪಕ್ಷವನ್ನು ಮೊದಲು ಮಂಡಿಸಿ ಬಳಿಕ ಖಂಡಿಸುವ ಕ್ರಮ ಹದಿಮೂರನೆಯ ಶತಮಾನದ ಕ್ರೈಸ್ತ ದಾರ್ಶನಿಕ ಥಾಮಸ್ ಅಕ್ವೈನಾಸನ ಬರಹಗಳ ಕ್ರಮವೂ ಹೌದು. ಮಧ್ಯಯುಗದ ಯುರೋಪಿನ ವಿದ್ಯಾಲಯಗಳಲ್ಲಿ ಇಂಥ ಬಹಿರಂಗ ವಾದಗಳು ಸಾಮಾನ್ಯವಾಗಿದ್ದವು. ಇಂದಿನ ಗುರುಮಠಗಳಲ್ಲಿ ಉಪನ್ಯಾಸ, ಪ್ರಬಂಧ ಮತ್ತು ಪರೀಕ್ಷೆಗಳು ಆ ಜಾಗವನ್ನು ಆಕ್ರಮಿಸಿರುವುದು ನಷ್ಟವೇ ಸರಿ.

ಓದಿನ ಮುಖ್ಯ ಭಾಷೆ ಇಂಗ್ಲಿಷ್. ಆದರೆ ವಿದ್ಯಾರ್ಥಿ ಮುಂದೆ ಸೇವೆ ಸಲ್ಲಿಸಬೇಕಾದ ಸೀಮೆಯಲ್ಲಿ ಆ ಭಾಷೆಗೆ ಕೆಲಸ ಕಡಿಮೆ. ಹಳಿಯಾಳದ ಪೇಟೆಯಲ್ಲಿ ಮರಾಠಿ ಕೇಳಿಸುತ್ತದೆ. ಆಫ್ರಿಕಾ ಮೂಲದ, 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರ್ಪಡೆಯಾದ ಸಿದ್ದಿ ಸಮುದಾಯದಲ್ಲಿ ಹಿಂದೂ, ಮುಸ್ಲಿಂ ಮತ್ತು ಕ್ರೈಸ್ತ ಮೂರೂ ಮತದವರಿದ್ದು, ಕೊಂಕಣಿಗೆ ಹತ್ತಿರದ ನುಡಿಯೊಂದು ಅವರ ಮನೆಮಾತಾಗಿದೆ. ಕಾಗದ ಕಾರ್ಖಾನೆಯ ದಾಂಡೇಲಿಗೆ ದುಡಿಮೆ ಹುಡುಕಿ ಬಂದವರ ಮಾತುಗಳು ಹಲವು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಲತೀನಿನಿಂದ ಜನಭಾಷೆಗೆ ಬಂದುದರಿಂದ, ಪಾದ್ರಿಯಾದವನು ಬಲಿಪೀಠದ ಮುಂದೆ ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಪ್ರಬೋಧನೆ ಮಾಡಲು ಸಿದ್ಧನಿರಬೇಕಾಗುತ್ತದೆ.

ಭಾಷೆಗಿಂತಲೂ ದೊಡ್ಡ ಅಂತರ ಏಕಾಂತದ್ದು. ನೂರಾರು ಸಹಪಾಠಿಗಳ ನಡುವೆ, ಗಂಟೆಗೆ ತಕ್ಕಂತೆ ಬಾಳಿದವನು ಜೋಯಿಡಾದ ಕಾಡಿನಂಚಿನ ಊರಿನಲ್ಲಿ ಒಬ್ಬನೇ ಇರಬೇಕಾಗಬಹುದು; ಅಲ್ಲಿ ಗಂಟೆ ಬಾರಿಸುವವರಿಲ್ಲ, ಮಳೆಗಾಲದಲ್ಲಿ ವಿದ್ಯುತ್ತೂ ಸಂಪರ್ಕವೂ ಕೈಕೊಡುತ್ತವೆ, ರೋಗಿಯ ಮನೆಯ ಕರೆಗೆ ಹೊತ್ತುಗೊತ್ತಿಲ್ಲ. ವೇಳಾಪಟ್ಟಿ ಕಲಿಸಿದ ಶಿಸ್ತು ವೇಳಾಪಟ್ಟಿಯೇ ಇಲ್ಲದಲ್ಲಿ ಉಳಿದೀತೇ ಎಂಬುದನ್ನು ತರಗತಿಯಲ್ಲಿ ಪರೀಕ್ಷಿಸಲಾಗದು. ಅದಕ್ಕಾಗಿಯೇ ರೀಜೆನ್ಸಿ ಎಂಬ ಹಂತವಿದೆ: ತತ್ವಶಾಸ್ತ್ರ ಮುಗಿದ ಮೇಲೆ ವಿದ್ಯಾರ್ಥಿಯು ಸುಮಾರು ಒಂದು ವರ್ಷ ಪ್ಯಾರಿಷ್ ಎನ್ನುವ ಧರ್ಮಕೇಂದ್ರದಲ್ಲೋ, ಶಾಲೆ ಅಥವಾ ವಿದ್ಯಾರ್ಥಿನಿಲಯದಲ್ಲೋ ದುಡಿಯುತ್ತಾನೆ, ಜನ ಅವನನ್ನು ಬ್ರದರ್ ಎಂದು ಕರೆಯುತ್ತಾರೆ. ಮಕ್ಕಳಿಗೆ ಧರ್ಮೋಪದೇಶ, ಹಾಡಿನ ಗುಂಪಿನ ತಾಲೀಮು, ಮನೆಭೇಟಿ, ಲೆಕ್ಕಪತ್ರ ಎಲ್ಲವೂ ಅವನ ಪಾಲಿಗೆ ಬರುತ್ತವೆ. ಇದು ತನಗೆ ಒಗ್ಗುವ ಬಾಳಲ್ಲವೆಂದು ಈ ಹಂತದಲ್ಲಿ ಮನೆಗೆ ಮರಳುವವರೂ ಇದ್ದಾರೆ. ಊರು ಅದನ್ನು ಸೋಲೆಂದು ಬಗೆಯುವುದುಂಟಾದರೂ, ಗುರುಮಠದ ದೃಷ್ಟಿಯಲ್ಲಿ ಇಂಥ ಪರಾಮರ್ಶೆಯೂ ತರಬೇತಿಯ ಉದ್ದೇಶವೇ.

ಮುಂದುವರಿದವನು ದೈವಶಾಸ್ತ್ರದ ಕೊನೆಯ ಘಟ್ಟದಲ್ಲಿ ಡೀಕನ್ ಎನ್ನುವ ಸೇವಾದರ್ಶಿಯ ದೀಕ್ಷೆ ಪಡೆಯುತ್ತಾನೆ. ಆಜೀವ ಬ್ರಹ್ಮಚರ್ಯದ ಮಾತು ಕೊಡುವುದು, ಬಿಷಪ್ಪರಿಗೆ ವಿಧೇಯನಾಗಿರುತ್ತೇನೆಂದು ಹೇಳುವುದು ಆಗಲೇ. ಅಲ್ಲಿಂದ ಕನಿಷ್ಠ ಆರು ತಿಂಗಳು ಕಳೆದು, ವಯಸ್ಸು ಇಪ್ಪತ್ತೈದು ತುಂಬಿದ್ದರೆ ಪಾದ್ರಿಯಾಗುವ ಗುರುದೀಕ್ಷೆ. ಅದಕ್ಕೆ ಮೊದಲು ಅವನ ನಡತೆಯ ವಿಚಾರಣೆ ನಡೆಯುತ್ತದೆ. ಬೇಕೆನಿಸಿದರೆ ಬಿಷಪ್ಪರು ಅವನ ಹೆಸರನ್ನು ಚರ್ಚಿನಲ್ಲಿ ಪ್ರಕಟಿಸಿ, ಆಕ್ಷೇಪವಿದ್ದವರು ತಿಳಿಸಬಹುದೆಂದು ಜನರನ್ನೇ ಕೇಳಬಹುದು.