ನೆರವಿಗೆ ಬಂದವನಿಂದ ಕಾರು ಕೆಟ್ಟರೆ ಬಿಲ್ ಯಾರದು?

ಕಳೆದ ಮಳೆಗಾಲದಲ್ಲಿ ಹಾಸನದಿಂದ ಬೆಂಗಳೂರಿಗೆ ವಾಪಸ್ ಬರುವಾಗ ಯಡಿಯೂರಿನ ಹತ್ತಿರ ಊಟಕ್ಕೆ ನಿಲ್ಲಿಸಿದ್ದೆವು. ಹೆಡ್‌ಲೈಟ್ ಆರಿಸೋದು ಮರೆತಿದ್ದೆ. ಒಂದು ಗಂಟೆ ಬಿಟ್ಟು ಬಂದು ಕೀ ತಿರುಗಿಸಿದರೆ ಟಕ್ ಟಕ್ ಅನ್ನೋ ಸದ್ದು ಬಿಟ್ಟು ಬೇರೇನೂ ಇಲ್ಲ. ಬ್ಯಾಟರಿ ಮೊದಲೇ ಹಳೆಯದು. ರಾತ್ರಿ ಒಂಬತ್ತೂವರೆ, ಜಿನುಗು ಮಳೆ, ಜೊತೆಯಲ್ಲಿ ಹೆಂಡತಿ ಮತ್ತು ಎಪ್ಪತ್ತು ದಾಟಿದ ಅಮ್ಮ.

ತೆಂಗಿನಕಾಯಿ ತುಂಬಿಕೊಂಡು ಹೋಗುತ್ತಿದ್ದ ಸಣ್ಣ ಗೂಡ್ಸ್ ಗಾಡಿಯ ಹುಡುಗನೊಬ್ಬ ತಾನಾಗೇ ಬಂದ. 'ಕೇಬಲ್ ಐತೆ ಸಾರ್, ಎರಡು ನಿಮಿಷದ ಕೆಲಸ' ಅಂದ. ತನ್ನ ಗಾಡಿಯನ್ನು ಪಕ್ಕಕ್ಕೆ ತಂದು, ಎರಡು ಕಪ್ಪು ವೈರುಗಳಿಂದ ತನ್ನ ಬ್ಯಾಟರಿಯನ್ನು ನನ್ನ ಬ್ಯಾಟರಿಗೆ ಜೋಡಿಸಿದ. ಚಟ್ ಅಂತ ಕಿಡಿ ಹಾರಿತು, ಸುಟ್ಟ ವಾಸನೆ ಬಂತು. ಆಮೇಲೆ ಕಾರಿನಲ್ಲಿ ಒಳಗಿನ ದೀಪವೂ ಹತ್ತಲಿಲ್ಲ.

ಹುಡುಗ ಬೆವರಿಹೋದ. ಆದರೆ ಓಡಿಹೋಗಲಿಲ್ಲ. ಅಮ್ಮನನ್ನೂ ಹೆಂಡತಿಯನ್ನೂ ತನ್ನ ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ಕುಣಿಗಲ್‌ವರೆಗೆ ಬಿಟ್ಟು, ಬೆಂಗಳೂರಿನ ಬಸ್ ಹತ್ತಿಸಿ, ನನಗೆ ಫೋನ್ ಮಾಡಿ ತಿಳಿಸಿದ. ನಾನು ಟೋಯಿಂಗ್ ಗಾಡಿಗೆ ಕಾಯುತ್ತಾ ಅಲ್ಲೇ ಕೂತಿದ್ದೆ. ಮೂರು ದಿನದ ನಂತರ ಗ್ಯಾರೇಜಿನವರು ಕೊಟ್ಟ ಬಿಲ್ 16,800 ರೂಪಾಯಿ: ಮೇನ್ ಫ್ಯೂಸ್, ಆಲ್ಟರ್ನೇಟರ್, ಹೊಸ ಬ್ಯಾಟರಿ.

ಆಗಿದ್ದು ಇಷ್ಟು. ಪ್ಲಸ್ಸಿಗೆ ಮೈನಸ್, ಮೈನಸ್ಸಿಗೆ ಪ್ಲಸ್ ಸೇರಿಸಿದರೆ ಎರಡು ಬ್ಯಾಟರಿಗಳೂ ಒಂದಕ್ಕೊಂದು ಎದುರಾಗಿ, ತಡೆಯೇ ಇಲ್ಲದ ಹಾಗೆ ಕರೆಂಟ್ ಹರಿಯುತ್ತದೆ. ಆಲ್ಟರ್ನೇಟರಿನೊಳಗಿನ ಡಯೋಡ್‌ಗಳು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವಂಥವು. ತಂತಿ ಅದಲುಬದಲಾದಾಗ ಅವು ಬಾಗಿಲು ತೆರೆದುಕೊಟ್ಟು ತಾವೇ ಸುಡುತ್ತವೆ. ಸರಿಯಾದ ಕ್ರಮ ಬೇರೆ. ಮೊದಲು ಕೆಂಪು ತಂತಿ ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್ಸಿಗೆ. ಆಮೇಲೆ ಕಪ್ಪು ತಂತಿ ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ, ಅದರ ಕೊನೆಯ ತುದಿ ಕೆಟ್ಟ ಗಾಡಿಯ ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣದ ಭಾಗಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುವ ಸಾಧ್ಯತೆ ಇರುವುದರಿಂದ ಕೊನೆಯ ಕಿಡಿ ಅದರ ಪಕ್ಕದಲ್ಲಿ ಆಗಬಾರದು. ಇದೆಲ್ಲ ಕಾರಿನ ಜೊತೆ ಕೊಡುವ ಮ್ಯಾನುಯಲ್‌ನಲ್ಲೇ ಇರುತ್ತದೆ. ನನ್ನದು ಡ್ಯಾಶ್‌ಬೋರ್ಡ್ ಒಳಗೆ ಪ್ಲಾಸ್ಟಿಕ್ ಕವರ್ ಸಮೇತ ಇತ್ತು.

ಮನೆಯಲ್ಲಿ ಎರಡು ಪಕ್ಷ ಆಯಿತು. 'ಪಾಪ, ಒಳ್ಳೇದು ಮಾಡೋಕೆ ಬಂದವನು, ಅವನ ಹತ್ರ ಏನು ಕೇಳ್ತೀಯೋ' ಅಂತ ಅಮ್ಮ. 'ಗೊತ್ತಿಲ್ಲ ಅಂದ್ರೆ ಕೈ ಹಾಕಬಾರದಿತ್ತು, ಅರ್ಧನಾದ್ರೂ ಕೊಡಬೇಕು' ಅಂತ ಹೆಂಡತಿ. ಇದನ್ನು ಕಾನೂನು ಹೇಗೆ ನೋಡುತ್ತೆ ಅಂತ ಹುಡುಕಲು ಕೂತೆ.

ರಸ್ತೆ ಅಪಘಾತದಲ್ಲಿ ಗಾಯಾಳುವಿಗೆ ನೆರವಾದವರ ಬಗ್ಗೆ ಕಾನೂನು ಸ್ಪಷ್ಟವಾಗಿದೆ. ಸುಪ್ರೀಂ ಕೋರ್ಟ್ 2016ರಲ್ಲಿ ಕೇಂದ್ರದ ಮಾರ್ಗಸೂಚಿಗಳಿಗೆ ಬಲ ಕೊಟ್ಟಿತು. ಕರ್ನಾಟಕ ತನ್ನದೇ ಮಸೂದೆ ತಂದು, ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಸೇರಿತು: ನೆರವು ಕೊಡುವಾಗ ಎಚ್ಚರ ತಪ್ಪಿ ಗಾಯಾಳುವಿಗೆ ಇನ್ನಷ್ಟು ಪೆಟ್ಟಾದರೂ, ಪ್ರಾಣವೇ ಹೋದರೂ, ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಇಲ್ಲ. ಆದರೆ ಇದು ಅಪಘಾತಕ್ಕೆ ಸಿಕ್ಕಿದ ಮನುಷ್ಯನ ದೇಹದ ಮಾತು. ಸತ್ತ ಬ್ಯಾಟರಿಗೂ ಸುಟ್ಟ ಆಲ್ಟರ್ನೇಟರಿಗೂ ಅಲ್ಲಿ ಜಾಗವಿಲ್ಲ.

ಇಂಥ ರಕ್ಷಣೆಯ ಗಡಿ ಎಲ್ಲಿ ಅನ್ನೋದು ಬೇರೆ ಕಡೆಯೂ ಜಗಳವಾಗಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅಪಘಾತವಾದ ಕಾರಿಗೆ ಬೆಂಕಿ ಹತ್ತಬಹುದು ಎಂದು ಹೆದರಿ ಒಬ್ಬಾಕೆ ತನ್ನ ಪರಿಚಯದವಳನ್ನು ಹೊರಗೆಳೆದಳು. ಹೊರಬಂದವಳು ನಡೆಯುವ ಶಕ್ತಿ ಕಳೆದುಕೊಂಡು ಕೋರ್ಟಿಗೆ ಹೋದಳು. ರಕ್ಷಣೆ ಇರುವುದು ವೈದ್ಯಕೀಯ ನೆರವಿಗೆ ಮಾತ್ರ, ಎಳೆದು ಹೊರಹಾಕುವುದಕ್ಕಲ್ಲ ಎಂದು ಅಲ್ಲಿನ ರಾಜ್ಯ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಮರುವರ್ಷವೇ ಶಾಸನಸಭೆ ಕಾನೂನು ತಿದ್ದಬೇಕಾಯಿತು.

ನನ್ನ ಕೇಸಿಗೆ ಬರೋಣ. ಕ್ರಿಮಿನಲ್ ಅಂತೂ ಅಲ್ಲ, ಹಾಳು ಮಾಡುವ ಉದ್ದೇಶವಾಗಲೀ ಹಾಳಾಗುತ್ತದೆ ಎಂಬ ಅರಿವಾಗಲೀ ಆ ಹುಡುಗನಿಗೆ ಇರಲಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗುವ ಹಾಗಿಲ್ಲ, ಪುಕ್ಕಟೆ ಮಾಡಿಕೊಟ್ಟ ಕೆಲಸವನ್ನು 2019ರ ಗ್ರಾಹಕ ಕಾಯ್ದೆ 'ಸೇವೆ' ಎಂದು ಒಪ್ಪುವುದಿಲ್ಲ. ಸಾಮಾನ್ಯ ಇನ್ಶೂರೆನ್ಸ್ ಪಾಲಿಸಿ ಎಲೆಕ್ಟ್ರಿಕಲ್ ಬ್ರೇಕ್‌ಡೌನ್ ಅನ್ನು ಹೊರಗಿಡುತ್ತದೆ. ಉಳಿಯುವುದು ಸಿವಿಲ್ ದಾವೆ: ಸಾಧಾರಣ ವಿವೇಕದ ಮನುಷ್ಯ ಅಂಥ ಸಂದರ್ಭದಲ್ಲಿ ಇಡುವಷ್ಟು ಎಚ್ಚರ ಇಟ್ಟಿದ್ದನೇ? ಹದಿನಾರು ಸಾವಿರಕ್ಕೆ ಯಾರೂ ಅಷ್ಟು ದೂರ ಹೋಗಲ್ಲ ಬಿಡಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಒಂದು ವಿಷಯ. 'ಸದ್ಭಾವನೆ' ಅಂದರೆ ಏನು ಅನ್ನುವುದಕ್ಕೆ ನಮ್ಮ ಕಾನೂನಿನಲ್ಲೇ ಎರಡು ಉತ್ತರಗಳಿವೆ. 1897ರ ಜನರಲ್ ಕ್ಲಾಸಸ್ ಕಾಯ್ದೆಯ ಪ್ರಕಾರ, ಪ್ರಾಮಾಣಿಕವಾಗಿ ಮಾಡಿದ್ದರೆ ಸಾಕು. ಎಚ್ಚರ ತಪ್ಪಿದ್ದರೂ ಅದು ಸದ್ಭಾವನೆಯೇ. ದಂಡ ಸಂಹಿತೆಯ ಪ್ರಕಾರ, ತಕ್ಕ ಎಚ್ಚರವೂ ಗಮನವೂ ಇಲ್ಲದೆ ಮಾಡಿದ್ದು ಸದ್ಭಾವನೆಯೇ ಅಲ್ಲ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಈ ಎರಡನೆಯದನ್ನೇ ಉಳಿಸಿಕೊಂಡಿದೆ. ಅಂದರೆ ನಮ್ಮಮ್ಮ ಜನರಲ್ ಕ್ಲಾಸಸ್ ಕಾಯ್ದೆ, ಹೆಂಡತಿ ದಂಡ ಸಂಹಿತೆ. ಊಟದ ಮೇಜಿನ ಜಗಳ ನೂರಿಪ್ಪತ್ತು ವರ್ಷಕ್ಕಿಂತ ಹಳೆಯದು ಅಂತ ಗೊತ್ತಾಗಿ ಸ್ವಲ್ಪ ಸಮಾಧಾನವಾಯಿತು.

ನನಗೆ ಹೆಂಡತಿಯ ಮಾತು ಪೂರ್ತಿ ತಪ್ಪು ಅನ್ನಿಸಲಿಲ್ಲ. ಋಣ ಇದೆ ಅನ್ನುವ ಕಾರಣಕ್ಕೆ ನಷ್ಟ ಆಗೇ ಇಲ್ಲ ಅಂತ ನಟಿಸುವುದು ಒಂಥರಾ ಅಹಂಕಾರ. ಎದುರಿನವನನ್ನು ಹೊಣೆ ಹೊರಲಾರದ ಮಗು ಅಂದುಕೊಂಡ ಹಾಗೆ. ಹಾಗಂತ ಕೃತಜ್ಞತೆಯನ್ನು ಬಿಲ್ಲಿನಲ್ಲಿ ಮುರಿದುಕೊಳ್ಳುವುದಕ್ಕೂ ಆಗುವುದಿಲ್ಲ. ಅಮ್ಮನನ್ನು ಬಸ್ ಹತ್ತಿಸಿದ್ದಕ್ಕೆ ಇಷ್ಟು ಕಳೆದು, ಆಲ್ಟರ್ನೇಟರಿಗೆ ಇಷ್ಟು ಕೂಡಿ, ಬಾಕಿ ಎಷ್ಟು ಅಂತ ಯಾರು ಲೆಕ್ಕ ಹಾಕ್ತಾರೆ? ಅವು ಎರಡು ಬೇರೆ ಪುಸ್ತಕ. ನೆರವು ಒಪ್ಪಿಕೊಂಡವನು ಅದರ ಜೊತೆ ಬರುವ ಸಾಧಾರಣ ಅಪಾಯವನ್ನೂ ಒಪ್ಪಿಕೊಂಡಿರುತ್ತಾನೆ ಅನ್ನೋದು ನನ್ನ ನಿಲುವು. ನೆರವಾಗುವವನ ಮೇಲೆ ಬೀಳುವುದು ಇಷ್ಟೇ: ಬಾರದ್ದನ್ನು ಬರುತ್ತದೆ ಅನ್ನಬಾರದು, ಕೆಟ್ಟ ಮೇಲೆ ಮಾಯವಾಗಬಾರದು. ಎರಡನೆಯದರಲ್ಲಿ ಹುಡುಗ ನೂರಕ್ಕೆ ನೂರು.

ಮೊದಲನೆಯದರ ಬಗ್ಗೆ, ಇಲ್ಲಿವರೆಗೆ ನಾನು ಹೇಳದೇ ಬಿಟ್ಟಿದ್ದು ಒಂದಿದೆ. ನನ್ನ ಬ್ಯಾಟರಿಯ ಟರ್ಮಿನಲ್ ಮೇಲೆ ಬಿಳಿ ಹಸಿರು ಕಿಲುಬು ಕಟ್ಟಿ ಗುರುತು ಕಾಣುತ್ತಿರಲಿಲ್ಲ. ಮೊಬೈಲ್ ಟಾರ್ಚ್ ಹಿಡಿದವನು ನಾನು. ಅವನು ಕೈ ತಡೆದು, 'ಸಾರ್, ಪ್ಲಸ್ ಇದೇ ಅಲ್ವಾ?' ಅಂತ ಕೇಳಿದ್ದ. ನಾನು ನೋಡದೆ 'ಹ್ಞೂಂ, ಅದೇ ಇರ್ಬೇಕು' ಅಂದಿದ್ದೆ.

ಇದನ್ನು ಮನೆಯಲ್ಲೂ ಹೇಳಿರಲಿಲ್ಲ. ನಾಲ್ಕನೇ ದಿನ ಹುಡುಗನೇ ಫೋನ್ ಮಾಡಿ, 'ಗಾಡಿ ಸರಿ ಹೋಯ್ತಾ ಸಾರ್, ಎಷ್ಟಾಯ್ತು?' ಅಂತ ಕೇಳಿದಾಗ 16,800 ಅಂತ ನಿಜ ಹೇಳಿದೆ. ಕೊಡು ಅನ್ನಲಿಲ್ಲ. ಆ ಕಡೆ ಮೌನ. ಸಂಜೆ ಫೋನ್‌ಪೇಯಲ್ಲಿ 2,000 ರೂಪಾಯಿ ಬಂತು, ಜೊತೆಗೆ ಕೈಮುಗಿಯುವ ಚಿತ್ರ. ಮೊತ್ತ ಹೇಳಿ ಸುಮ್ಮನಾಗುವುದು ಕೇಳಿದ ಹಾಗೇ ಅಂತ ನನಗೆ ಆಗ ಹೊಳೆಯಿತು. ಅದೂ ಅರ್ಧ ಕಥೆಯ ಮೇಲೆ ಕೇಳಿದ್ದು. ಗ್ರಾಹಕ ಆಯೋಗ, 134ಎ ಅಂತೆಲ್ಲ ಓದುತ್ತಾ ಕೂತವನು, ಎದುರಿನವನಿಗೆ ಗೊತ್ತಿರಬೇಕಾದ ಒಂದೇ ಒಂದು ಸಂಗತಿಯನ್ನು ಮುಚ್ಚಿಟ್ಟಿದ್ದೆ.

ದುಡ್ಡು ವಾಪಸ್ ಹಾಕಿ ಫೋನ್ ಮಾಡಿದೆ. 'ಪ್ಲಸ್ ಅದೇ ಅಂದಿದ್ದು ನಾನು, ತಪ್ಪು ನಂದೇ ಜಾಸ್ತಿ' ಅಂದೆ. 'ಅಯ್ಯೋ ಬಿಡಿ ಸಾರ್, ಕತ್ತಲಲ್ಲಿ ಯಾರಿಗೆ ಕಾಣ್ತದೆ' ಅಂತ ನಕ್ಕ. ಒಂದು ವೈರಿಗೆ ಕೆಂಪು ಟೇಪ್ ಸುತ್ತಿಟ್ಟುಕೋ, ಮುಂದೆ ಯಾರಿಗಾದರೂ ಬೇಕಾಗುತ್ತೆ ಅಂದೆ.

'ಕೇಬಲ್ ಗಾಡಿಯಿಂದ ತೆಗೆದು ಮನೇಲಿ ಇಟ್ಬಿಟ್ಟೆ ಸಾರ್' ಅಂದ. 'ನಮ್ ಓನರ್ ಬೈದ್ರು, ಯಾಕೆ ಬೇಕಿತ್ತು ನಿಂಗೆ ಅಂತ.'