12 ಲಕ್ಷದವರೆಗೆ ಟ್ಯಾಕ್ಸ್ ಇಲ್ಲ ಅಂತಾರಲ್ಲ, ದುಬೈನಲ್ಲಿರೋ ಅಣ್ಣನಿಗೂ ಇಲ್ವಾ?

ಇವತ್ತು ನಮ್ಮ ಮನೆಯಲ್ಲೇ ನಡೆದ ಒಂದು ಮಾತಿನಿಂದ ಶುರು ಮಾಡ್ತೀನಿ.

ನಮ್ಮ ದೊಡ್ಡಮ್ಮನ ಮಗ ದುಬೈನಲ್ಲಿ ಕೆಲಸ ಮಾಡ್ತಾನೆ. ವರ್ಷಕ್ಕೊಮ್ಮೆ ನಾಯಕನಹಟ್ಟಿ ತೇರಿಗೆ ಬರ್ತಾನೆ, ಮೂರು ವಾರ ಇದ್ದು ಹೋಗ್ತಾನೆ. ಚಳ್ಳಕೆರೆಯಲ್ಲಿ ಅವನ ಹೆಸರಲ್ಲಿ ಎರಡು ಅಂಗಡಿ ಮಳಿಗೆ ಇವೆ. ತಿಂಗಳಿಗೆ 50,000 ರೂಪಾಯಿ ಬಾಡಿಗೆ. ಈ ಸಲ ಬಂದಾಗ ಅಂದ: ‘12 ಲಕ್ಷದವರೆಗೆ ಟ್ಯಾಕ್ಸೇ ಇಲ್ಲ, ನಾನ್ಯಾಕೆ ರಿಟರ್ನ್ ಹಾಕ್ಲಿ?’

ಈ ಮಾತಲ್ಲಿ ಎರಡು ತಪ್ಪಿದೆ. ಒಂದು ಸಣ್ಣದು, ಒಂದು ದೊಡ್ಡದು.

ಮೊದಲು ಸಣ್ಣದು

ಹೊಸ ಪದ್ಧತಿಯಲ್ಲಿ 2025-26ಕ್ಕೆ ನಿಜವಾಗಿ ತೆರಿಗೆ ಇಲ್ಲದಿರೋದು 4 ಲಕ್ಷದವರೆಗೆ ಮಾತ್ರ. ಅದು ಎಲ್ಲರಿಗೂ ಸಿಗುತ್ತೆ, ಎನ್‌ಆರ್‌ಐಗಳಿಗೂ. 4ರಿಂದ 12 ಲಕ್ಷದವರೆಗೆ ತೆರಿಗೆ ಲೆಕ್ಕ ಹಾಕ್ತಾರೆ, ಆಮೇಲೆ 87ಎ ಸೆಕ್ಷನ್ ಅಡಿಯಲ್ಲಿ ಮನ್ನಾ ಮಾಡ್ತಾರೆ. ಅಂಗಡಿಯವರು ಖಾತೆಯಲ್ಲಿ ಸಾಲ ಬರೆದು, ಆಮೇಲೆ ಗೆರೆ ಎಳೆದು ಹೊಡೆದು ಹಾಕಿದ ಹಾಗೆ. ಇದಕ್ಕೆ ರಿಬೇಟ್ ಅಂತಾರೆ. ಗರಿಷ್ಠ 60,000 ರೂಪಾಯಿ.

2013ರಲ್ಲಿ ಈ ಸೆಕ್ಷನ್ ಬಂದಾಗಿನಿಂದಲೂ ಅದರಲ್ಲಿ ಒಂದು ಷರತ್ತಿದೆ: ರಿಬೇಟ್ ‘ನಿವಾಸಿ’ ವ್ಯಕ್ತಿಗೆ ಮಾತ್ರ. ಅನಿವಾಸಿಗೆ ಇಲ್ಲ.

ಇದನ್ನ ಕೇಳಿ ದೊಡ್ಡಮ್ಮ ಸಿಟ್ಟಾದ್ರು. ‘ಅವ್ನು ಇಲ್ಲೇ ಹುಟ್ಟಿ ಬೆಳೆದೋನು. ಆಧಾರ್ ಇಲ್ಲಿದೆ, ಓಟು ಇಲ್ಲಿದೆ. ಅವ್ನ್ಯಾಕಪ್ಪ ಹೊರಗಿನೋನಾಗ್ತಾನೆ?’

ಬೇಜಾರಾಗೋದು ಸಹಜ. ಆದರೆ ಇನ್‌ಕಮ್ ಟ್ಯಾಕ್ಸ್ ಹುಟ್ಟಿದ ಊರನ್ನ ನೋಡಲ್ಲ, ಪಾಸ್‌ಪೋರ್ಟನ್ನೂ ನೋಡಲ್ಲ. ದಿನ ಎಣಿಸುತ್ತೆ. ಕೆಲಸಕ್ಕೆ ಹೊರದೇಶಕ್ಕೆ ಹೋದವರು, ಅಲ್ಲಿಂದ ರಜೆಗೆ ಬಂದು ಹೋಗೋರು ಏಪ್ರಿಲ್ 1ರಿಂದ ಮಾರ್ಚ್ 31ರೊಳಗೆ ಭಾರತದಲ್ಲಿ 182 ದಿನ ಇದ್ದರೆ ನಿವಾಸಿ, ಇಲ್ಲದಿದ್ದರೆ ಅನಿವಾಸಿ. ಭಾರತದ ಆದಾಯ 15 ಲಕ್ಷ ದಾಟಿದವರಿಗೆ ನಿಯಮ ಬೇರೆ, ಅದು ಇನ್ನೊಂದು ಎಪಿಸೋಡ್.

ಮೊಳಕಾಲ್ಮೂರಿನ ಕೇಳುಗರೊಬ್ಬರ ಪ್ರಶ್ನೆನೂ ಇಲ್ಲೇ ತಗೋತೀನಿ. ಸೀರೆ ವ್ಯಾಪಾರಕ್ಕೆ ವಾರದಲ್ಲಿ ಮೂರು ದಿನ ಗಡಿ ದಾಟಿ ಆಂಧ್ರದ ರಾಯದುರ್ಗದಲ್ಲಿ ಇರ್ತಾರಂತೆ. ‘ನಾನೂ ಅನಿವಾಸಿನಾ?’ ಅಂತ ಕೇಳಿದ್ದಾರೆ. ಅಲ್ಲ ಸರ್. ಅಮೆರಿಕದಲ್ಲಿ ಬಹಳಷ್ಟು ರಾಜ್ಯಗಳಿಗೆ ತಮ್ಮದೇ ಇನ್‌ಕಮ್ ಟ್ಯಾಕ್ಸ್ ಇದೆ, ಅಲ್ಲಿ ಈ ಪ್ರಶ್ನೆ ಬರುತ್ತೆ. ನಮ್ಮಲ್ಲಿ ಅದು ಕೇಂದ್ರದ ತೆರಿಗೆ. ರಾಜ್ಯದ ಗಡಿ ಲೆಕ್ಕಕ್ಕಿಲ್ಲ, ದೇಶದ ಗಡಿ ಮಾತ್ರ.

ಈಗ ದೊಡ್ಡ ತಪ್ಪು

ಅಣ್ಣನ ಲೆಕ್ಕ ನೋಡೋಣ. ವರ್ಷದ ಬಾಡಿಗೆ 6 ಲಕ್ಷ. ಅದರಲ್ಲಿ ಶೇ 30 ನೇರವಾಗಿ ಕಳೀಬಹುದು, ಉಳಿದದ್ದು 4.2 ಲಕ್ಷ. ಎನ್‌ಆರ್‌ಒ ಖಾತೆಯ ಬಡ್ಡಿ 80,000. ಒಟ್ಟು 5 ಲಕ್ಷ. 4 ಲಕ್ಷದ ಮೇಲಿನ 1 ಲಕ್ಷಕ್ಕೆ ಶೇ 5ರಂತೆ 5,000, ಸೆಸ್ 200. ಅವನು ಕಟ್ಟಬೇಕಾದದ್ದು 5,200 ರೂಪಾಯಿ. ಊರಲ್ಲೇ ಇರೋ ತಮ್ಮನಿಗೆ ಇಷ್ಟೇ ಆದಾಯ ಇದ್ದಿದ್ರೆ ಸೊನ್ನೆ. ರಿಬೇಟ್ ಇಲ್ಲದ್ದಕ್ಕೆ ಅಣ್ಣನಿಗೆ ಆದ ನಷ್ಟ ಇಷ್ಟೇ.

ಆದರೆ ಅನಿವಾಸಿಗೆ ಬಾಡಿಗೆ ಕೊಡುವಾಗಲೇ ಬಾಡಿಗೆದಾರರು ಸೆಸ್ ಸೇರಿ ಶೇ 31.2 ಟಿಡಿಎಸ್ ಹಿಡೀಬೇಕು. ಎನ್‌ಆರ್‌ಒ ಬಡ್ಡಿಗೆ ಬ್ಯಾಂಕೂ ಅಷ್ಟೇ ಹಿಡಿಯುತ್ತೆ. 6.8 ಲಕ್ಷಕ್ಕೆ ಅದು 2,12,160 ರೂಪಾಯಿ ಆಗುತ್ತೆ. ರಿಟರ್ನ್ ಹಾಕಿದ್ರೆ 2,06,960 ವಾಪಸ್. ಹಾಕದಿದ್ರೆ ಅದು ಸರ್ಕಾರದ ಹತ್ರನೇ.

ಅಣ್ಣ ಆ ದುಡ್ಡಲ್ಲಿ ದೊಡ್ಡಮ್ಮನ ಮೊಣಕಾಲಿನ ಆಪರೇಷನ್ ಮಾಡಿಸ್ಬೇಕು ಅಂತಿದ್ದ. ಲೆಕ್ಕ ತೋರಿಸಿದ್ಮೇಲೆ ಸುಮ್ಮನೆ ಕೂತ, ಆಮೇಲೆ ಪ್ಯಾನ್ ಕಾರ್ಡ್ ಹುಡುಕೋಕೆ ಎದ್ದ.

ನೀವೇನು ಮಾಡಬೇಕು

ಪಾಸ್‌ಪೋರ್ಟ್ ಸೀಲ್ ನೋಡಿ ದಿನ ಎಣಿಸಿ. 26ಎಎಸ್‌ನಲ್ಲಿ ಟಿಡಿಎಸ್ ಬಂದಿದೆಯಾ ನೋಡಿ. ಎನ್‌ಆರ್‌ಐಗೆ ಐಟಿಆರ್-1 ನಡೆಯಲ್ಲ. ಬಾಡಿಗೆ, ಬಡ್ಡಿ ಅಷ್ಟೇ ಇದ್ದರೆ ಐಟಿಆರ್-2. ಕೊನೇ ದಿನ 2026ರ ಜುಲೈ 31. ಮುಂದಿನ ವರ್ಷಗಳಿಗೆ ಟಿಡಿಎಸ್ ಕಡಿಮೆ ಮಾಡಿ ಅಂತ ಇಲಾಖೆಗೆ ಮೊದಲೇ ಅರ್ಜಿ ಹಾಕಬಹುದು.

ರಿಬೇಟ್ ಆಸೆಗೆ ರಜೆ ಎಳೆದು ನಿವಾಸಿ ಆಗೋಕೆ ಹೋಗಬೇಡಿ. ದುಬೈ ಸಂಬಳ ಇಲ್ಲಿ ತೆರಿಗೆಗೆ ಬರದಿರೋದು ಅನಿವಾಸಿ ಆಗಿರೋದಕ್ಕೇ.

ಬಹಳ ವರ್ಷ ಹೊರಗಿದ್ದು ಊರಿಗೇ ವಾಪಸ್ ಬಂದವರಿಗೆ ಒಂದು ಒಳ್ಳೇ ಸುದ್ದಿ: ಮೊದಲ ಒಂದೆರಡು ವರ್ಷ ನಿಮ್ಮನ್ನ ‘ಸಾಮಾನ್ಯ ನಿವಾಸಿಯಲ್ಲದ ನಿವಾಸಿ’ ಅಂತ ಕರೀಬಹುದು. ಹೆಸರು ಗೊಂದಲದ್ದು, ಆದರೂ ಅದು ನಿವಾಸಿಯೇ. ರಿಬೇಟ್ ಸಿಗುತ್ತೆ.

ಈ ಎಪಿಸೋಡನ್ನ ಹೊರದೇಶದಲ್ಲಿರೋ ನಿಮ್ಮ ಅಣ್ಣನಿಗೋ ಅಕ್ಕನಿಗೋ ಕಳ್ಸಿ. ಮತ್ತೆ ಸಿಗೋಣ.